ಅಂಜೂರದ ಮರದ ಬಾಡಿಗೆ

ಜನವರಿ 6

ಅಮ್ಮಾವ್ರಿಗೆ ನಮಸ್ಕಾರ.

ಈ ತಿಂಗಳ ಬಾಡಿಗೆಯನ್ನು ಮೊನ್ನೆಯೇ ಬ್ಯಾಂಕಿಗೆ ಕಟ್ಟಿದ್ದೇನೆ. ಇನ್ನು ನೀವು ಕಾಯುತ್ತಿರುವ ಸಂಗತಿ, ಮನೆಯ ಸಮಾಚಾರ.

ಚಳಿ ಜೋರಾಗಿದೆ. ಬೆಳಿಗ್ಗೆ ಗೋಂದಿನ ಡಬ್ಬಿ ಮುಟ್ಟಿದರೆ ಒಳಗೆ ಕಲ್ಲಾಗಿರುತ್ತದೆ. ಅದನ್ನು ಬಿಸಿನೀರಿನಲ್ಲಿಟ್ಟು ಕರಗುವ ತನಕ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಏಳೂವರೆಗೆ ಸರಿಯಾಗಿ ಪೂರ್ವದ ಕಿಟಕಿಯಿಂದ ಬಿಸಿಲು ಬರುತ್ತದೆ. ಮೊದಲು ಚೌಕಟ್ಟಿನ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ನೆಲಕ್ಕಿಳಿದು, ಸೀಳುಬಿಟ್ಟ ಹಾಸುಗಲ್ಲನ್ನು ದಾಟಿ ಮೇಜಿನ ಕಾಲಿನವರೆಗೆ ಬಂದು ನಿಲ್ಲುತ್ತದೆ. ಅದರೊಳಗೆ ಕಾಗದದ ಧೂಳು ತೇಲುವುದನ್ನು ನೋಡುತ್ತಾ ಕೂತರೆ ಏಳಬೇಕು ಅನ್ನಿಸುವುದೇ ಇಲ್ಲ. ಒಳಗಿನಿಂದ ನನ್ನವಳು ಕೂಗುತ್ತಾಳೆ, "ಗೋಂದು ಕರಗಿ ಅರ್ಧ ಗಂಟೆ ಆಯ್ತು, ನೀವು ಕರಗೋದು ಯಾವಾಗ?"

ಅಂಜೂರದ ಮರ ಎಲೆಯುದುರಿಸಿ ಬೋಳಾಗಿ ನಿಂತಿದೆ. ಗಾಬರಿಯಾಗಬೇಡಿ, ತುದಿಗಳಲ್ಲಿ ಆಗಲೇ ಹಸಿರು ಕಾಣುತ್ತಿದೆ. ಪಕ್ಷಿಗಳು ದಿನಾ ಬಂದು ಹಣ್ಣಾಯಿತೇ ಅಂತ ವಿಚಾರಿಸಿಕೊಂಡು ಹೋಗುತ್ತವೆ.

ಏಪ್ರಿಲ್ ಕೊನೆಗೆ ನಮ್ಮ ಕರಾರು ಮುಗಿಯುತ್ತದೆ. ಕಳೆದ ಆರು ಸಲವೂ ನೀವು "ಸ್ವಲ್ಪ ಏರಿಸಿದ್ದೀನಿ, ಬೈಕೋಬೇಡ" ಅಂತ ಒಂದು ಸಾಲು ಬರೆದು ಕಳಿಸಿದ್ದೀರಿ, ನಾನು ಬೈದುಕೊಳ್ಳದೆ ರುಜು ಹಾಕಿ ಕಳಿಸಿದ್ದೇನೆ. ಈ ಸಲವೂ ಹಾಗೇ ಎಂದುಕೊಂಡಿದ್ದೇನೆ.

ಓದಿ ಹೇಳುವ ಮಗಳಿಗೂ ನನ್ನ ನಮಸ್ಕಾರ ತಿಳಿಸಿ. ಈ ಸಾಲನ್ನೂ ಅವರೇ ಓದಬೇಕಲ್ಲ, ಇರಲಿ.

ನಿಮ್ಮ ಮನೆಯೊಳಗಿನಿಂದ,
ರಟ್ಟಪ್ಪ

*

ಫೆಬ್ರವರಿ 2

ಬೈಂಡರ್ ಅವರಿಗೆ,

ನಾನು ನಿಮ್ಮ ಮನೆಯೊಡತಿಯ ಮಗಳು. ಅಮ್ಮನ ಎರಡೂ ಕಣ್ಣು ಹೋದ ಮೇಲೆ, ಈ ನಾಲ್ಕು ವರ್ಷದಿಂದ, ನಿಮ್ಮ ಪತ್ರಗಳನ್ನು ಓದಿ ಹೇಳುತ್ತಿರುವವಳು ನಾನೇ. ಈ ವರ್ಷದಿಂದ ಮನೆಯ ವ್ಯವಹಾರವನ್ನೂ ಅವರು ನನಗೆ ವಹಿಸಿದ್ದಾರೆ.

ನೇರವಾಗಿ ಹೇಳುತ್ತೇನೆ. ನನ್ನದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ. ಅಷ್ಟು ಹೊತ್ತು ಅಮ್ಮ ಏಳನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಹೋದ ತಿಂಗಳು ಒಲೆ ಆರಿಸಿದ್ದೇನೆ ಎಂದುಕೊಂಡು ಆರಿಸದೆ ಕೂತಿದ್ದರು. ಹಗಲು ನೋಡಿಕೊಳ್ಳಲು ಒಬ್ಬರನ್ನು ಇಡಲೇಬೇಕು. ಆದ್ದರಿಂದ ಮೇ ತಿಂಗಳಿಂದ ಬಾಡಿಗೆಯನ್ನು ಈಗಿನ ಒಂದೂವರೆ ಪಟ್ಟು ಮಾಡಬೇಕೆಂದಿದ್ದೇನೆ.

ಜಾಸ್ತಿಯಾಯಿತು ಎಂದು ನಿಮಗೆ ಅನ್ನಿಸಬಹುದು. ನಾನು ಆ ಮನೆ ಬಿಟ್ಟು ಇಪ್ಪತ್ತಾರು ವರ್ಷ, ಈಗ ಹೇಗಿದೆಯೋ ನನಗೆ ಗೊತ್ತಿಲ್ಲ. ಗೊತ್ತಿರುವುದೆಲ್ಲ ನಿಮ್ಮ ಪತ್ರಗಳಿಂದ. ನೀವೇ ಬರೆದಿದ್ದೀರಿ: "ಇಂಥ ಬೆಳಕಿರುವ ಕೋಣೆ ಈ ಬೀದಿಯಲ್ಲಿ ಇನ್ನೊಂದಿಲ್ಲ." ಹೋದ ವರ್ಷ ಬರೆದಿದ್ದೀರಿ: "ಹಣ್ಣು ಎಷ್ಟೆಂದರೆ ಹಕ್ಕಿಗಳಿಗೂ ತಿಂದು ಸಾಕಾಗಿದೆ." ಅದಕ್ಕೂ ಮೊದಲು: "ಅರಮನೆ ಕೊಟ್ಟರೂ ಈ ಹಿತ್ತಲು ಬಿಟ್ಟು ಹೋಗುವುದಿಲ್ಲ." ಅರಮನೆಗಿಂತ ಮೇಲಾದ ಮನೆಗೆ ನಾನು ಕೇಳುತ್ತಿರುವುದು ಹೆಚ್ಚಲ್ಲ.

ಮಾರ್ಚ್ ಒಳಗೆ ನಿಮ್ಮ ಉತ್ತರ ಬರಲಿ.

ವಿಶ್ವಾಸದಿಂದ,
ಮಗಳು

*

ಫೆಬ್ರವರಿ 11

ಮೇಡಂ ಅವರಿಗೆ,

ಪತ್ರ ತಲುಪಿತು. ಓದಿ ಮುಗಿಸಿ ನನ್ನವಳ ಕೈಗೆ ಕೊಟ್ಟೆ. ಅವಳು ಪುಸ್ತಕ ಹೊಲಿಯುತ್ತಿದ್ದಳು, ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಓದಿದಳು. ಆಮೇಲೆ ಸೂಜಿ ತೆಗೆದು, "ನೋಡ್ರೀ, ಊರಲ್ಲಿ ಎಲ್ಲರ ಬಾಡಿಗೇನೂ ಮಾಲೀಕರು ಏರಿಸ್ತಾರೆ. ಕೈಯಾರೆ ಬರೆದು ಏರಿಸಿಕೊಂಡೋರು ನೀವೊಬ್ಬರೇ" ಅಂದಳು. ಅವತ್ತು ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಡುನಡುವೆ ಒಬ್ಬಳೇ ನಗುತ್ತಿದ್ದಳು, ಅದು ಇನ್ನೂ ಕಷ್ಟ.

ನಿಮ್ಮ ತಾಪತ್ರಯ ನನಗೆ ಅರ್ಥವಾಗುತ್ತದೆ. ಆದರೆ ಒಂದೂವರೆ ಪಟ್ಟು ಕೊಡುವ ಶಕ್ತಿ ನಮಗಿಲ್ಲ. ಈಗ ರಟ್ಟು ಹಾಕಿಸಲು ಬರುವವರೇ ಕಡಿಮೆ. ಕಾಲೇಜಿನ ಪ್ರಬಂಧಗಳು ಬರುತ್ತವೆ, ಹಾಳೆ ಬಿಚ್ಚಿಹೋದ ಹಳೆಯ ನಿಘಂಟುಗಳು ಬರುತ್ತವೆ. ಬೇರೆ ಮನೆ ನೋಡೋಣವೆಂದರೆ ಮುಂದಿನ ಕೋಣೆಯಲ್ಲಿ ನನ್ನ ಒತ್ತುಯಂತ್ರವಿದೆ. ಕಬ್ಬಿಣದ್ದು, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದು. ಅದನ್ನು ಎತ್ತಲು ಆರು ಜನ ಬೇಕು, ಇಟ್ಟುಕೊಳ್ಳಲು ನೆಲಮಹಡಿಯ ಗಟ್ಟಿ ನೆಲ ಬೇಕು. ಅದು ಹೋದರೆ ನನ್ನ ಕೆಲಸವೂ ಹೋಯಿತು.

ಇನ್ನು ಮನೆಯ ಬಗ್ಗೆ. ಮೂರನೇ ಮೆಟ್ಟಿಲು ಅಲ್ಲಾಡುತ್ತದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತದೆ. ಬೆಳಕು ಮುಂತಾದ ವಿಷಯಗಳಲ್ಲಿ ನಾನು ಅಷ್ಟಿಷ್ಟು ಉಪ್ಪುಖಾರ ಹಚ್ಚಿ ಬರೆದಿರಬಹುದು. ಕೈಗೆ ಗೋಂದು ಅಂಟುವ ಹಾಗೆ ಕೆಲವರಿಗೆ ಮಾತು ಅಂಟುತ್ತದೆ.

ಒಂದು ಕೇಳಲೇ? ನಿಮ್ಮೊಬ್ಬರಿಗೇ ಬರೆಯುವಂಥ ವಿಳಾಸ ಏನಾದರೂ ಇದೆಯೇ? ಮನೆಗೆ ಬಂದ ಪತ್ರ ಅಮ್ಮಾವ್ರ ಕಿವಿಗೂ ಬೀಳುತ್ತದಲ್ಲ.

ನಮಸ್ಕಾರಗಳೊಂದಿಗೆ,
ಬೈಂಡರ್

*

ಮಾರ್ಚ್ 1

ಬೈಂಡರ್ ಅವರಿಗೆ,

ಮನೆಗೆ ಬಂದ ಯಾವ ಪತ್ರವನ್ನೂ ನಾನು ಅಮ್ಮನಿಂದ ಮುಚ್ಚಿಡುವುದಿಲ್ಲ. ಲಕೋಟೆ ಹರಿಯುವ ಸದ್ದಿಗೇ ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮೆಟ್ಟಿಲು ಅಲ್ಲಾಡುತ್ತದೆ ಎಂದು ಕೇಳಿ, "ಅದು ನಾನಿದ್ದಾಗಲೂ ಅಲ್ಲಾಡ್ತಿತ್ತು" ಎಂದು ಖುಷಿಪಟ್ಟರು. ನಿಮ್ಮ ಹೆಂಡತಿಯ ಮಾತಿಗೆ ಅವರು ನಕ್ಕಿದ್ದನ್ನು ನೀವು ಕೇಳಬೇಕಿತ್ತು. ಬಾಡಿಗೆಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ನೀವು ಕೇಳಿದ ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಲ್ಯಾಬಿನದು. ಅಮ್ಮನ ಕಿವಿಗೆ ಬೀಳಬಾರದಂಥದ್ದು ಏನಿದೆಯೋ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ. ನಮ್ಮ ಆಸ್ಪತ್ರೆಗೆ ಫೋಟೋ ತೆಗೆಯಲು ಬರುವ ಒಬ್ಬರು ನಿಮ್ಮ ಊರಿನಲ್ಲಿ ಸ್ಟುಡಿಯೋ ಮಾಡಲು ಜಾಗ ಹುಡುಕುತ್ತಿದ್ದಾರೆ. ಮಾತಿಗೆ ಮಾತು ಬಂದು, ಏಳೂವರೆಯ ಬಿಸಿಲಿನ ಬಗ್ಗೆ ನೀವು ಬರೆದದ್ದನ್ನು ಓದಿ ಹೇಳಿದೆ. ಅವರು ಎರಡು ಪಟ್ಟು ಕೊಡಲೂ ತಯಾರಿದ್ದಾರೆ. ಇದೇ 24ಕ್ಕೆ ಮನೆ ನೋಡಲು ಬರುತ್ತಾರೆ, ಬೆಳಿಗ್ಗೆ ಏಳೂವರೆಗೆ. ಅಷ್ಟರಲ್ಲಿ ನೀವು ಒಂದೂವರೆ ಪಟ್ಟಿಗೆ ಒಪ್ಪಿದರೆ ಅವರಿಗೆ ಬೇಡವೆನ್ನುತ್ತೇನೆ. ಮೊದಲ ಮಾತು ನಿಮಗೇ ಕೊಟ್ಟಿರುವುದು.

ಮಗಳು

*

ಮಾರ್ಚ್ 9

ಮೇಡಂ ಅವರಿಗೆ,

ಈ ಪತ್ರ ನಿಮ್ಮ ಕೆಲಸದ ಜಾಗಕ್ಕೆ. ದಯವಿಟ್ಟು ಒಬ್ಬರೇ ಇದ್ದಾಗ ಓದಿ.

ಆ ಫೋಟೋದವರನ್ನು ಏಳೂವರೆಗೆ ಕಳಿಸಬೇಡಿ. ಯಾವ ಹೊತ್ತಿಗೂ ಕಳಿಸಬೇಡಿ. ಇಲ್ಲಿ ಬಿಸಿಲಿಲ್ಲ. ಮರವೂ ಇಲ್ಲ.

ಬಿಡಿಸಿ ಹೇಳುತ್ತೇನೆ. ಇಪ್ಪತ್ತೊಂದು ವರ್ಷದ ಹಿಂದೆ ಬೀಗದ ಕೈ ತೆಗೆದುಕೊಂಡು ಬಂದು ಹಿತ್ತಲ ಬಾಗಿಲು ತೆರೆದಾಗ ಕಂಡದ್ದು ಕಡಿದ ಮರದ ಬುಡ. ಗರಗಸದ ಹೊಟ್ಟು ಇನ್ನೂ ಹಸಿಯಾಗಿ ಸುತ್ತಲೂ ಬಿದ್ದಿತ್ತು. ಸುಣ್ಣ ಬಳಿಯಲು ಬಂದವರು ಅಡ್ಡವಾಯಿತೆಂದು ಕಡಿದಿರಬೇಕು ಎಂದುಕೊಂಡೆ. ಮೊದಲ ತಿಂಗಳ ಬಾಡಿಗೆ ಕಳಿಸಿದೆ. ಅಮ್ಮಾವ್ರು ರಸೀದಿಯ ಜೊತೆ ಒಂದೇ ಸಾಲು ಬರೆದಿದ್ದರು: "ಹಿತ್ತಲ ಅಂಜೂರದ ಮರ ಹೇಗಿದೆ?" ಅದು ನಿಮ್ಮ ತಂದೆಯವರು ನೆಟ್ಟದ್ದೆಂದು ಅಕ್ಕಪಕ್ಕದವರು ಹೇಳಿದ್ದರು. ಗಂಡನನ್ನು ಕಳೆದುಕೊಂಡು ಊರು ಬಿಟ್ಟು ಹೋದ ಹೆಂಗಸಿಗೆ ಏನಂತ ಬರೆಯಲಿ? ಪೆನ್ನು ಹಿಡಿದು ಅರ್ಧ ಗಂಟೆ ಕೂತೆ. "ಚಿಗುರಿದೆ" ಎಂದು ಬರೆದೆ. ಒಂದೇ ಮಾತು. ಮುಂದಿನ ತಿಂಗಳು ಅವರು ಹಣ್ಣಿನ ವಿಷಯ ಕೇಳಿದರು. ಚಿಗುರಿದ ಮೇಲೆ ಹಣ್ಣು ಬಿಡದೆ ಇರುತ್ತದೆಯೇ?

ಬೆಳಕು ಮಾತ್ರ ನಿಜವಾಗಿಯೂ ಇತ್ತು, ಹನ್ನೆರಡು ವರ್ಷ. ಆಮೇಲೆ ಪಕ್ಕದ ಖಾಲಿ ಜಾಗದಲ್ಲಿ ಮೂರು ಅಂತಸ್ತು ಎದ್ದಿತು. ಪೂರ್ವದ ಕಿಟಕಿ ತೆರೆದು ಕೈ ಚಾಚಿದರೆ ಈಗ ಗೋಡೆ ಸಿಗುತ್ತದೆ. ಹಗಲಿನಲ್ಲೂ ದೀಪ ಹಾಕಿಕೊಂಡೇ ಹೊಲಿಯುತ್ತೇವೆ. ಆಗ ಬರೆದುಬಿಡೋಣ ಎಂದುಕೊಂಡಿದ್ದೆ. ಅದೇ ವಾರ ಅಮ್ಮಾವ್ರ ಪತ್ರ ಬಂತು. ಒಂದು ಕಣ್ಣು ಮಂಜಾಗಿದೆ, ಇನ್ನೊಂದೂ ಉಳಿಯುವುದಿಲ್ಲವಂತೆ, "ಚಿಂತೆಯಿಲ್ಲ ರಟ್ಟಪ್ಪ, ಆ ಏಳೂವರೆ ಬಿಸಿಲನ್ನ ನೋಡೋಕೆ ನನಗೆ ಕಣ್ಣು ಬೇಡ" ಅಂತ. ಆಮೇಲೆ ನನ್ನ ಬಾಯಿಗೆ ಬೀಗ ಬಿತ್ತು.

ಬರೆದೂ ಬರೆದೂ ನಮಗೂ ಅಭ್ಯಾಸವಾಗಿಬಿಟ್ಟಿತು. ಬೇಸಿಗೆಯಲ್ಲಿ ಆ ಬುಡದ ಮೇಲೆ ಕೂತು ರಟ್ಟು ಕತ್ತರಿಸುವಾಗ ತಲೆಯ ಮೇಲೆ ನೆರಳಿದೆ ಎಂದೇ ನನಗನ್ನಿಸುತ್ತದೆ. ನನ್ನವಳು ಇದನ್ನೆಲ್ಲ ಹುಚ್ಚು ಅನ್ನುತ್ತಾಳೆ. ಆದರೆ ಬಟ್ಟೆ ಒಣಹಾಕುವ ಹಗ್ಗವನ್ನು ಅವಳು ಬುಡದಿಂದ ನಾಲ್ಕು ಹೆಜ್ಜೆ ದೂರ ಕಟ್ಟಿದ್ದಾಳೆ. ಯಾಕೆ ಅಂತ ಒಮ್ಮೆ ಕೇಳಿದೆ. "ಹಕ್ಕಿ ಗಲೀಜು ಮಾಡಲ್ವಾ?" ಅಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಈ ಮನೆ ಬಿಟ್ಟರೆ ನಮಗೆ ದಿಕ್ಕಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಡಿಗೆ ಉಳಿಸಿಕೊಳ್ಳುವುದಕ್ಕಾಗಿ ಆ ಮರವನ್ನು ಇವತ್ತು ನಾನೇ ಕಡಿಯುತ್ತಿದ್ದೇನೆ ಎನ್ನುವುದು ನನಗೆ ಗೊತ್ತಿದೆ. ಅಮ್ಮಾವ್ರಿಗೆ ಇದನ್ನು ಓದಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ತಲೆ ತಗ್ಗಿಸಿ,
ಬೈಂಡರ್

*

ಮಾರ್ಚ್ 30

ಮೇಡಂ ಅವರಿಗೆ,

ಪತ್ರ ತಲುಪಿತೇ? 24ಕ್ಕೆ ಯಾರೂ ಬರಲಿಲ್ಲ. ಏಳೂವರೆಯಿಂದ ಹತ್ತರವರೆಗೆ ಬಾಗಿಲಲ್ಲೇ ನಿಂತಿದ್ದೆ. ಅಮ್ಮಾವ್ರಿಗೆ ಬರೆಯುವ ಈ ತಿಂಗಳ ಪತ್ರವನ್ನು ಮೂರು ಸಲ ಶುರುಮಾಡಿ ಹರಿದು ಹಾಕಿದೆ.

ಬೈಂಡರ್

*

ಏಪ್ರಿಲ್ 14

ರಟ್ಟಪ್ಪನವರಿಗೆ,

ತಡವಾಯಿತು. ಮೊದಲ ಹತ್ತು ದಿನ ನಿಮ್ಮ ಮೇಲೆ ಕೆಂಡದಂಥ ಕೋಪ. ರಕ್ತದ ಕೊಳವೆಯಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುವ ಕೆಲಸ ನನ್ನದು. ಒಬ್ಬ ಮನುಷ್ಯ ಇಪ್ಪತ್ತೊಂದು ವರ್ಷ ಇಲ್ಲದ ಮರಕ್ಕೆ ಹೂಹಣ್ಣು ಬರೆಯುತ್ತಾ ಕೂತಿದ್ದ, ನಾನು ಅದನ್ನು ದನಿಯೇರಿಸಿ ಓದುತ್ತಿದ್ದೆ! ಫೋಟೋದವರಿಗೆ ಬೇಡವೆಂದೆ. ನಿಮ್ಮ ಪತ್ರ ಕೈಚೀಲದಲ್ಲೇ ಓಡಾಡಿಕೊಂಡಿತ್ತು.

ಇತ್ತ ಅಮ್ಮ ದಿನಾ ಕೇಳುತ್ತಿದ್ದರು, "ರಟ್ಟಪ್ಪಂದು ಬಂತಾ?" ಊಟ ಕಡಿಮೆಯಾಯಿತು. "ಅವನಿಗೆ ಬಾಡಿಗೆ ಜಾಸ್ತಿ ಕೇಳಿ ಓಡಿಸಿಬಿಟ್ಟೆ ಕಣೇ ನೀನು" ಅಂದರು. ಹೋದ ಭಾನುವಾರ ತಡೆಯಲಾಗದೆ ಚೀಲದಿಂದ ತೆಗೆದು ಅವರ ಮುಂದೆ ಕೂತೆ. ನಿಜವನ್ನೇ ಓದುವುದೆಂದು ಗಟ್ಟಿಮಾಡಿಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡರು, ಸೆರಗು ಸರಿಮಾಡಿಕೊಂಡರು, ಮುಖವನ್ನು ನನ್ನ ಕಡೆಗೆ ಎತ್ತಿದರು. ನಾನು ಬಾಯಿ ತೆರೆದೆ. "ಅಮ್ಮಾವ್ರೇ, ಅಂಜೂರ ಚಿಗುರಿದೆ" ಅಂದೆ.

ಎಲ್ಲಿಂದ ಬಂತೋ ಗೊತ್ತಿಲ್ಲ. ಆಮೇಲೆ ನಿಲ್ಲಿಸಲೂ ಆಗಲಿಲ್ಲ. ಎಲೆಯ ಮೇಲಿನ ನೀರು ಅಂದೆ, ಹಕ್ಕಿಗಳು ಅಂದೆ, ದೊಡ್ಡ ಕೊಂಬೆಗೆ ಕಟ್ಟಿದ ಉಯ್ಯಾಲೆ ಗಾಳಿಗೆ ತಾನೇ ತೂಗುತ್ತಿದೆ ಅಂದೆ. ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಅಮ್ಮ ನಗತೊಡಗಿದರು.

"ಉಯ್ಯಾಲೆ ಅಪ್ಪ ನಿನಗೆ ಕಟ್ಟಿದ್ದು. ನೀನು ಶಾಲೆ ಮುಗಿಸೋ ಹೊತ್ತಿಗೆ ಬಿಚ್ಚಿಯಾಗಿತ್ತು. ರಟ್ಟಪ್ಪನಿಗೆ ಹೇಗೆ ಗೊತ್ತಾಗುತ್ತೆ?" ಅಂದರು. "ಕಾಗದದಲ್ಲಿ ಏನಿದೆಯೋ ಅದನ್ನ ಓದು ಮಗಳೇ."

ಓದಿದೆ. ಒಂದಕ್ಷರ ಬಿಡದೆ ಓದಿದೆ. ಮರದ ವಿಷಯ ಬಂದಾಗ ಅವರು ಅಲ್ಲಾಡಲಿಲ್ಲ. ಕಿಟಕಿಯ ವಿಷಯ ಬಂದಾಗ, "ಅದನ್ನ ಇನ್ನೊಂದ್ಸಲ ಓದು" ಅಂದರು. ಇವತ್ತು ಕರೆದು, ಪೆನ್ನು ತಗೋ ಅಂದರು. ಅವರು ಹೇಳಿದ್ದನ್ನು ಇದರ ಜೊತೆಗಿಟ್ಟಿದ್ದೇನೆ.

ಮಗಳು

*

ಏಪ್ರಿಲ್ 14

ರಟ್ಟಪ್ಪಾ,

ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಅಂತ ಮಗಳ ಹತ್ತಿರ ಕರಾರು ಮಾಡ್ಕೊಂಡಿದ್ದೀನಿ.

ಆ ಮರ ಕಡಿಸಿದವಳು ನಾನು. ಸುಣ್ಣದವರೂ ಅಲ್ಲ, ಯಾರೂ ಅಲ್ಲ. ಊರು ಬಿಡೋ ಹಿಂದಿನ ದಿನ ಇಬ್ಬರು ಆಳು ಕರೆಸಿ ಕಡಿಸಿದೆ, ಕೊಂಬೆಗಳನ್ನ ನಾನೂ ಎಳೆದು ಹಾಕಿದೆ. ಯಾಕೆ ಅಂದ್ರೆ ಹೊಟ್ಟೆಕಿಚ್ಚು. ಅವರು ನೆಟ್ಟ ಮರ, ಅವರು ಹೋದ ವರ್ಷವೂ ಬುಟ್ಟಿಗಟ್ಟಲೆ ಹಣ್ಣು ಬಿಟ್ಟಿತ್ತು. ನಾಳೆ ಯಾರೋ ಬಾಡಿಗೆಯವನು ಬಂದು ಅದರ ಕೆಳಗೆ ಕೂತು ತಿಂತಾನಲ್ಲ ಅಂತ ತಡೆಯೋಕಾಗಲಿಲ್ಲ. ಆ ಬಾಡಿಗೆಯವನು ನೀನೇ. ರೈಲು ಹತ್ತಿದ ಮೇಲೆ ನೋಡ್ತೀನಿ, ಕೈಯೆಲ್ಲ ಮರದ ಹಾಲು, ಎಷ್ಟು ತೊಳೆದ್ರೂ ಅಂಟು ಹೋಗಲೊಲ್ಲದು. ಇದನ್ನ ಯಾರಿಗೂ ಹೇಳಲಿಲ್ಲ, ಇವಳಿಗೂ. ಈಗ ಪೆನ್ನು ನಿಲ್ಲಿಸಿಬಿಟ್ಟಿದ್ದಾಳೆ. ಬರಿಯೇ.

ಮರ ಹೇಗಿದೆ ಅಂತ ನಿನ್ನನ್ನ ಯಾಕೆ ಕೇಳಿದೆ ಗೊತ್ತಾ? ಯಾರೋ ಪಾಪಿ ಕಡಿದು ಹಾಕಿದ್ದಾನೆ ಅಂತ ನೀನು ಬರೀತೀಯ, ಓದಿ ಒಂದ್ಸಲ ಅತ್ತು ಮುಗಿಸ್ತೀನಿ ಅಂತ. ನನ್ನ ಬೈಯೋಕೆ ನನಗೊಬ್ಬ ಮನುಷ್ಯ ಬೇಕಾಗಿತ್ತು. ನೀನು ನೋಡಿದ್ರೆ ಚಿಗುರಿದೆ ಅಂತ ಬರೆದೆ! ಎಂಥ ಸುಳ್ಳುಬುರುಕ ಸಿಕ್ಕಿದ್ನಪ್ಪ ಅಂತ ಕಾಗದ ಮುದುರಿ ಎಸೆದೆ. ಆಮೇಲೆ ಹೋಗಿ ಎತ್ತಿಕೊಂಡು ಬಂದು ಬಿಡಿಸಿದೆ. ಬುಡದಿಂದ ನಿಜವಾಗಲೂ ಚಿಗುರಿದ್ರೆ ಅಂತ ಆಸೆ. ಅದಕ್ಕೇ ಹಣ್ಣಿನ ವಿಷಯ ಕೇಳಿದೆ. ನೀನು ಅದನ್ನೂ ಕೊಟ್ಟೆ. ಅಷ್ಟು ಹೊತ್ತಿಗೆ ನಿನ್ನ ಸುಳ್ಳು ಪೂರ್ತಿ ಗೊತ್ತಾಯ್ತು, ಆದ್ರೂ ಕೇಳೋದು ನಿಲ್ಲಿಸಲಿಲ್ಲ. ನಾನು ಕಡಿದದ್ದನ್ನ ಯಾರೋ ಒಬ್ಬ ತಿಂಗಳು ತಿಂಗಳು ಬೆಳೆಸ್ತಿದ್ದಾನೆ ಅಂದ್ರೆ ಯಾಕೆ ಬೇಡ ಅನ್ನಲಿ?

ಗೋಡೆಯ ವಿಷಯ ಗೊತ್ತಿರಲಿಲ್ಲ. ಅದು ಕೇಳಿ ನೋವಾಯ್ತು, ಇಲ್ಲ ಅನ್ನಲ್ಲ. ಒಂಬತ್ತು ವರ್ಷ ನೀವಿಬ್ಬರೂ ಕತ್ತಲಲ್ಲಿ ಕೂತ್ಕೊಂಡು ನನಗೆ ಬಿಸಿಲು ಕಳಿಸಿದ್ರಿ.

ಇನ್ನು ಬಾಡಿಗೆ. ಕತ್ತಲ ಮನೆಗೆ ಒಂದೂವರೆ ಪಟ್ಟು ಕೇಳೋ ಮುಖ ನಮಗಿಲ್ಲ. ಹಾಗಂತ ಮಗಳ ಕಷ್ಟವೂ ಸುಳ್ಳಲ್ಲ. ನೂರಕ್ಕೆ ಹತ್ತು ಏರಿಸಿದ್ದೀನಿ, ಬೈಕೋಬೇಡ. ಮಿಕ್ಕದ್ದಕ್ಕೆ ನನ್ನ ಚಿನ್ನದ ಸರ ಮಾರ್ತೀನಿ. ಪೆಟ್ಟಿಗೆಯಲ್ಲಿ ಮಲಗಿ ಮಲಗಿ ಅದಕ್ಕೂ ಬೇಜಾರಾಗಿದೆ, ಬಂದು ಸ್ವಲ್ಪ ದಿನ ನನ್ನನ್ನ ನೋಡಿಕೊಳ್ಳಲಿ.

ಕರಾರಿಗೆ ಒಂದು ಸಾಲು ಸೇರಿಸಿದ್ದೀನಿ. ತಿಂಗಳಿಗೊಂದು ಪತ್ರ ತಪ್ಪಬಾರದು. ಅದರಲ್ಲಿ ಗೋಡೆಯೂ ಇರಲಿ. ಮರ ಮಾತ್ರ ಇರಲೇಬೇಕು.

ನಿನ್ನ ಹಣ್ಣು ತಿಂದವಳು

*

ಮೇ 5

ಅಮ್ಮಾವ್ರಿಗೆ ನಮಸ್ಕಾರ.

ರುಜು ಹಾಕಿದ ಕರಾರು ಇದರ ಜೊತೆಗಿದೆ. ನೀವು ಹೇಳಿ ಬರೆಸಿದ್ದನ್ನು ಓದಿ ನಾನು ಹಿತ್ತಲಿಗೆ ಹೋಗಿ ಬುಡದ ಮೇಲೆ ಕೂತೆ. ನನ್ನವಳೂ ಬಂದು ಪಕ್ಕದಲ್ಲಿ ಕೂತಳು. ಇಬ್ಬರಿಗೆ ಸಾಲುವಷ್ಟು ಅಗಲವಿದೆ ಅದು. ನಿಮ್ಮನ್ನು ಬೈಯಲು ಒಬ್ಬ ಬೇಕಾಗಿತ್ತು ಅಂದಿರಲ್ಲ, ಪ್ರಯತ್ನ ಮಾಡಿದೆ. ಬರಲಿಲ್ಲ.

ಗೋಡೆಯ ಸಮಾಚಾರ ಕೇಳಿದ್ದೀರಿ. ಬೂದು ಬಣ್ಣ, ಸುಣ್ಣ ಕಂಡಿಲ್ಲ. ಆದರೆ ಹತ್ತೂವರೆ ಸುಮಾರಿಗೆ ಎದುರಿನ ಮೇಲ್ಮನೆಯವರು ಕಿಟಕಿ ತೆರೆದರೆ ಗಾಜಿಗೆ ಬಿದ್ದ ಬಿಸಿಲು ತಿರುಗಿ ಬಂದು ಗೋಡೆಯ ಮೇಲೆ ಅಂಗೈಯಗಲ ನಿಲ್ಲುತ್ತದೆ. ಅವರು ಕಿಟಕಿ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತದೆ. ಒಂಬತ್ತು ವರ್ಷದಿಂದ ಇದ್ದಿರಬೇಕು, ಇಲ್ಲದ ಬಿಸಿಲು ಬರೆಯುವ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ. ಇದು ನಿಜ. ನನ್ನವಳನ್ನು ಸಾಕ್ಷಿಗೆ ಕೇಳಬಹುದು.

ಓದುತ್ತಿರುವ ತಂಗಿಗೆ ಒಂದು ಮಾತು. ಉಯ್ಯಾಲೆಯ ಹಗ್ಗ ಸವೆದಿತ್ತು, ಹೊಸದು ಕಟ್ಟಿದ್ದೇನೆ. ದೊಡ್ಡ ಕೊಂಬೆಗೇ. ಗಟ್ಟಿಯಾಗಿದೆ, ಹೆದರಿಕೆಯಿಲ್ಲದೆ ಕೂರಬಹುದು.

ಮರ ಚೆನ್ನಾಗಿದೆ ಅಮ್ಮಾವ್ರೇ. ಎಲೆ ತುಂಬಿದೆ. ಇಷ್ಟು ಬರೆದು ಮಡಿಸಲು ಹೊರಟಾಗ, ಇಷ್ಟು ವರ್ಷ ನನ್ನ ಪತ್ರಗಳನ್ನು ನೋಡಿ ನಗುತ್ತಿದ್ದ ನನ್ನವಳು ಕೈ ಹಿಡಿದು ನಿಲ್ಲಿಸಿದಳು.

"ಕೆಳಗಿನ ಕೊಂಬೇಲಿ ಹಕ್ಕಿ ಗೂಡು ಕಟ್ಟಿದೆ ಅಂತ ಬರೀರಿ."

"ಯಾವ ಹಕ್ಕಿ?" ಅಂದೆ.

"ಯಾವುದೋ. ಹೊಸದಾಗಿ ಬಂದಿದೆ, ಪಾಪ. ಬಾಡಿಗೆ ಕೇಳ್ಬೇಡಿ ಅಂತ ಅಮ್ಮಾವ್ರಿಗೆ ಹೇಳಿ."

ಹೇಳಿದ್ದೇನೆ.

ನಿಮ್ಮ ಮರದ ಕೆಳಗಿನಿಂದ,
ರಟ್ಟಪ್ಪ